ಬಾಣಂತಿಯ ಚಳಿಗಾಲ

ಥಂಡಿಗೆ ನನ್ನ ಬೆರಳುಗಳು ಬೆಳ್ಳಗಾಗುವುದನ್ನು ಕಂಡು ಮೊದಲು ಗಾಬರಿಯಾದವರು ನನ್ನ ಗಂಡ. ಆಗ ಮದುವೆಯಾದ ಹೊಸದು. ನಾನು ಬಸ್ ಕಂಡಕ್ಟರ್. ಗಂಗಾವತಿಯಿಂದ ಕುಷ್ಟಗಿಗೆ ಹೊರಡುವ ಮುಂಜಾನೆಯ ಮೊದಲ ಗಾಡಿ ನನ್ನ ಪಾಲಿಗೆ ಬಂದಿತ್ತು. ಶ್ರೀರಾಮನಗರದ ಮನೆಯಿಂದ ಡಿಪೋವರೆಗೆ ಅವರು ಬೈಕಿನ ಮೇಲೆ ಬಿಟ್ಟು, ವಾಪಸ್ ಹೋಗಿ ತಮ್ಮ ಅಕ್ಕಿ ಗಿರಣಿಯ ಕೆಲಸಕ್ಕೆ ಸೇರುತ್ತಿದ್ದರು. ಕಾಲುವೆ ಪಕ್ಕದ ರಸ್ತೆ. ಎರಡೂ ಕಡೆ ಗದ್ದೆ. ಗದ್ದೆಗಳ ಮೇಲೆ ಮೊಣಕಾಲೆತ್ತರಕ್ಕೆ ನಿಂತ ಮಂಜು. ಬೈಕಿನ ಬೆಳಕು ಮಂಜಿನೊಳಗೆ ಸ್ವಲ್ಪ ದೂರ ಹೋಗಿ ಕರಗಿಬಿಡುತ್ತಿತ್ತು. ರಸ್ತೆ ನಮ್ಮ ಕೆಳಗೆ ಓಡುತ್ತಿದೆಯೋ, ನಾವೇ ನಿಂತಲ್ಲಿ ತೇಲುತ್ತಿದ್ದೇವೋ ತಿಳಿಯುತ್ತಿರಲಿಲ್ಲ. ಡಿಪೋ ಮುಂದೆ ಇಳಿದು ಅವರ ಭುಜದ ಮೇಲಿನ ಕೈ ತೆಗೆದರೆ, ನನ್ನ ಬೆರಳುಗಳು ಸುಣ್ಣದಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿದ್ದವು.

"ಏ, ಇದೇನಿದು! ರಕ್ತನ ಇಲ್ಲದಂಗ ಆಗ್ಯಾವಲ್ಲ!"

"ಸಣ್ಣಾಕಿದ್ದಾಗಿಂದ ಹಿಂಗ ಆಗ್ತಾವರಿ. ಬಿಸಿಲು ಬಿದ್ರ ಸರಿ ಹೋಗ್ತಾವು," ಎಂದೆ.

ಸರಿ ಹೋಗುತ್ತಲೂ ಇದ್ದವು. ಬಸ್ಸಿನಲ್ಲಿ ಟಿಕೆಟ್ ಮಷಿನ್ನಿನ ಗುಂಡಿ ಒತ್ತುವಾಗ ಬೆರಳ ತುದಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೇರೆ ಯಾರದೋ ಕೈ ನನ್ನ ತೋಳಿಗೆ ಅಂಟಿಕೊಂಡು ಕೆಲಸ ಮಾಡುತ್ತಿದೆ ಅನ್ನಿಸುತ್ತಿತ್ತು. ತಾವರಗೇರಾ ದಾಟುವ ಹೊತ್ತಿಗೆ ಕಿಟಕಿಯಿಂದ ಬಿಸಿಲು ಬಂದು ಬೆರಳು ಮೊದಲು ನೀಲಿಯಾಗಿ, ಆಮೇಲೆ ಕೆಂಪಾಗಿ, ಸೂಜಿ ಚುಚ್ಚಿದಂತೆ ಜುಮುಗುಟ್ಟಿ ಮತ್ತೆ ನನ್ನವಾಗುತ್ತಿದ್ದವು. ಇದನ್ನು ನಾನು ಕಾಯಿಲೆಯೆಂದು ಎಂದೂ ತಿಳಿದವಳಲ್ಲ. ಕೆಲವರಿಗೆ ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತದೆ, ಕೆಲವರಿಗೆ ಬಸ್ಸು ಹತ್ತಿದರೆ ವಾಂತಿ. ನನಗೆ ಚಳಿಗೆ ಬೆರಳು ಬೆಳ್ಳಗಾಗುತ್ತವೆ, ಅಷ್ಟೇ ಅಂದುಕೊಂಡಿದ್ದೆ.

ದೀಪಾವಳಿ ಮುಗಿದ ಮೇಲೆ ಕೊಪ್ಪಳದಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು. ಬಾಣಂತನಕ್ಕೆ ಇರಕಲ್ಲಗಡದ ತವರುಮನೆಗೆ ಬಂದೆ. ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಹಗಲೆಲ್ಲ ಕಾದ ಗುಡ್ಡದ ಕಲ್ಲು ಸಂಜೆ ಬಿಸಿಯುಸಿರು ಬಿಡುತ್ತದೆ, ಆದರೆ ಬೆಳಗಿನ ಜಾವಕ್ಕೆ ಅದೇ ಗುಡ್ಡ ಥಂಡಿಯನ್ನು ಉರುಳಿಸಿ ಉರುಳಿಸಿ ನಮ್ಮ ಅಂಗಳಕ್ಕೆ ಕಳಿಸುತ್ತದೆ. ಆ ವರ್ಷ ಮೂಡಣ ಗಾಳಿ ಬೇಗ ಶುರುವಾಯಿತು.

ಅವ್ವ ಬಾಣಂತನದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಮೈ ತುಂಬ ಎಣ್ಣೆ ತೀಡಿ, ಹಂಡೆಯ ಸುಡುನೀರು ಎರೆದು, ತಲೆಗೆ ಬಟ್ಟೆ ಕಟ್ಟಿ, ಕಿವಿಯಲ್ಲಿ ಹತ್ತಿ ಇಟ್ಟು, ಕಾಲಿಗೆ ಕಾಲುಚೀಲ ಹಾಕಿ ಹೊರಸಿನ ಮೇಲೆ ಮಲಗಿಸುತ್ತಿದ್ದಳು. ಹೊರಸಿನ ಕೆಳಗೆ ಕುಳ್ಳಿನ ಕೆಂಡ. ಅಂಟಿನುಂಡೆ, ಸಬ್ಬಸಿಗೆ ಪಲ್ಯ, ಮೆಣಸಿನ ಸಾರು. ಕೂಸಿಗೆ ಕುಂಚಿಗೆ ತೊಡಿಸಿ, ಮೂಗಿನ ತುದಿಯಷ್ಟೇ ಕಾಣುವಂತೆ ಸುತ್ತುತ್ತಿದ್ದಳು. ಹೀಗೆ ನಮ್ಮಿಬ್ಬರ ಮೈಯ ಎಲ್ಲ ಕಿಂಡಿಗಳನ್ನೂ ಮುಚ್ಚಿದ್ದಳು. ನನ್ನ ಎದೆಯೊಂದು ಮಾತ್ರ ಹಗಲೂ ರಾತ್ರಿ ಗಾಳಿಗೆ ತೆರೆದುಕೊಳ್ಳುತ್ತಲೇ ಇತ್ತು. ಅದನ್ನು ಯಾರೂ ಯೋಚಿಸಿರಲಿಲ್ಲ.

ನೋವು ಒಂದು ಮುಂಜಾನೆ ಬಂತು. ಕೂಸು ಹಾಲು ಕುಡಿದು, ತುಟಿ ಸಡಿಲಿಸಿ, ತಲೆ ವಾಲಿಸಿ ನಿದ್ದೆ ಹೋಯಿತು. ಕುಡಿಯುವಾಗ ಏನೂ ಇರಲಿಲ್ಲ. ಬಾಯಿ ಬಿಟ್ಟ ಮರುಗಳಿಗೆ ಮೊಲೆತೊಟ್ಟಿನಿಂದ ಒಂದು ಉರಿ ಹೊರಟು ಎದೆಯೊಳಗೆ ಹೊಕ್ಕು, ಬೆನ್ನ ಕಡೆಗೆ ಹೋಗಿ ನಿಂತಿತು. ಗಾಜಿನ ಚೂರನ್ನು ಕಾಯಿಸಿ ಒಳಗಿನಿಂದ ಎಳೆದಂತೆ. ಕೂಸು ಏಳಬಾರದೆಂದು ಸೆರಗನ್ನು ಬಾಯಲ್ಲಿ ಕಚ್ಚಿ ಹಿಡಿದೆ. ಉರಿ ಬಹಳ ಹೊತ್ತು ಇತ್ತು. ಆಮೇಲೆ ನಿಧಾನವಾಗಿ, ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಅದಾದ ಮೇಲೆ ದಿನವೂ ಬಂತು. ಮೋಡ ಮುಚ್ಚಿದ ದಿನ ಹೆಚ್ಚು, ಬಿಸಿಲಿನ ದಿನ ಕಡಿಮೆ. ಬಚ್ಚಲಿನಿಂದ ಹೊರಬಂದ ಕೂಡಲೇ ಕುಡಿಸಬೇಕಾಗಿ ಬಂದರೆ ಜೀವ ಹೋದಂತಾಗುತ್ತಿತ್ತು. ಅವ್ವ ತೊಟ್ಟು ಒಡೆದಿರಬೇಕೆಂದು ತುಪ್ಪ ಸವರಿದಳು. ಒಡೆದಿರಲಿಲ್ಲ. ಹಾಲು ಗಂಟುಕಟ್ಟಿರಬೇಕೆಂದು ಬಿಸಿ ನೀರು ಎರೆದಳು. ಗಂಟೂ ಇರಲಿಲ್ಲ. ಕೊನೆಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲವೆಂದು ಗಾಬರಿಯಾದಳು.

"ಭಾಳ ಮಂದಿ ಬಂದು ನೋಡಿ ಹೋದ್ರು. ಯಾರದೋ ನಜರ ತಾಕೇತಿ," ಎಂದಳು.

ನನಗೇ ತಿಳಿಯದ ನೋವನ್ನು ಹೇಗೆ ಹೇಳುವುದು? ಹೆರಿಗೆ ನೋವಿಗೆ ಹೆಸರಿದೆ, ಎಲ್ಲರೂ ಅದನ್ನು ಬಲ್ಲರು. ಇದಕ್ಕೆ ಹೆಸರಿರಲಿಲ್ಲ, ಹೊರಗೆ ಗಾಯವೂ ಇರಲಿಲ್ಲ.

ಆ ದಿನಗಳು ಈಗ ನನಗೆ ಒಂದೇ ಉದ್ದನೆಯ ಮುಂಜಾವಿನಂತೆ ನೆನಪಾಗುತ್ತವೆ. ನಿದ್ದೆ, ಎಚ್ಚರ ಒಂದರೊಳಗೊಂದು ಬೆರೆತುಹೋಗಿದ್ದವು. ಕಣ್ಣು ಮುಚ್ಚಿದರೆ ಬಾಣಂತಿ ಖೋಲಿ ಹೊರಡುತ್ತಿತ್ತು. ಹೊರಸಿನ ಕಾಲುಗಳು ಉರುಳುತ್ತಿದ್ದವು. ಎಲ್ಲಿಂದಲೋ ಸೀಟಿ. ಮಂಜಿನಲ್ಲಿ ಜನ ಕೈ ಅಡ್ಡ ಮಾಡಿ ನಿಂತಿರುತ್ತಿದ್ದರು, ನಾನು ಬಾಗಿಲು ತೆಗೆದರೆ ಮಂಜೇ ಒಳಗೆ ಹತ್ತಿ ಕೂಡುತ್ತಿತ್ತು. ಟಿಕೆಟ್ ಕೊಡಲು ಹೋದರೆ ಕೈಯಲ್ಲಿ ಮಷಿನ್ ಇಲ್ಲ, ಕೂಸು. ಕೂಸು ಅತ್ತಾಗ ಬಸ್ಸು ನಿಲ್ಲುತ್ತಿತ್ತು. ನಾನು ಅವ್ವನ ಖೋಲಿಯಲ್ಲಿ ಹೊರಸಿನ ಮೇಲಿರುತ್ತಿದ್ದೆ, ಎದೆ ಆಗಲೇ ಹೆದರಿ ಬಿಗಿದುಕೊಂಡಿರುತ್ತಿತ್ತು.

ಹೌದು, ಹೆದರಿಕೆ. ಅದು ನೋವಿಗಿಂತ ಕೆಟ್ಟದ್ದು. ಮಗಳು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತ ಸಣ್ಣಗೆ ಕುಂಯ್ ಎಂದರೆ, ಎತ್ತಿಕೊಳ್ಳುವ ಬದಲು ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಇನ್ನೊಂದು ಗಳಿಗೆ ಸುಮ್ಮನಿರಲಿ ದೇವರೇ, ಇನ್ನೊಂದೇ ಗಳಿಗೆ.

ಆ ಹೊತ್ತಿನಲ್ಲೇ ಅತ್ತೆ ಬಂದರು. ಶ್ರೀರಾಮನಗರದಿಂದ ಗಂಗಾವತಿ, ಗಂಗಾವತಿಯಿಂದ ಕೊಪ್ಪಳ, ಅಲ್ಲಿಂದ ಇರಕಲ್ಲಗಡ, ಹೀಗೆ ಬಸ್ಸು ಬದಲಿಸುತ್ತ, ಚೀಲದಲ್ಲಿ ಹೊಸ ಅಕ್ಕಿ, ಕೊಬ್ಬರಿ ಬಟ್ಟಲು ಹೊತ್ತುಕೊಂಡು ಬಂದಿದ್ದರು. ಅತ್ತೆ ಕಡಿಮೆ ಮಾತಿನವರು. ಜೀವನವೆಲ್ಲ ಕ್ಯಾಂಪುಗಳ, ಅಂದರೆ ಕಾಲುವೆ ಬದಿಯ ಹೊಸ ಊರುಗಳ, ಗದ್ದೆಯಲ್ಲಿ ಭತ್ತ ಹಚ್ಚಿ, ಕಳೆ ಕಿತ್ತು ದುಡಿದವರು. ಅವರು ಆಡುವ ಕೆಲವೇ ಮಾತು ಕಲ್ಲಿನ ಹಾಗೆ ಬೀಳುತ್ತವೆ ಎಂದು ಮದುವೆಯಾದಾಗಿನಿಂದ ನನಗೆ ಅಂಜಿಕೆ.

ಕೂಸು ಅಳುತ್ತಿತ್ತು. ನಾನು ಗೋಡೆಯ ಕಡೆ ತಿರುಗಿದ್ದೆ. ಅವರು ಬಾಗಿಲಲ್ಲಿ ನಿಂತು ನೋಡಿದರು.

"ಕೂಸು ಅಳಾಕತ್ತೇತಿ. ನೀ ಅತ್ತಾಗ ಮಾರಿ ಮಾಡಿ ಮಲಗೀಯಲ್ಲವಾ?"

"ಎತ್ತಗೋತೀನ್ರಿ ಅತ್ತಿ," ಎಂದೆನೇ ಹೊರತು ಏಳಲಿಲ್ಲ.

"ಡ್ಯೂಟಿಗಿ ಹೋಗಾಕಿ, ಈಗಿಂದನ ಬಿಡಿಸಿದ್ರ ಹಗುರ ಆಗ್ತೈತಿ ಅಂತ ಮಾಡೀಯೇನು? ಡಬ್ಬಿ ಹಾಲು ಹಾಕೋದಿದ್ರ ಹೇಳು, ತರಿಸೋಣಂತ."

ಬಯ್ಯುವ ಧ್ವನಿಯಾಗಿರಲಿಲ್ಲ ಅದು. ಆದರೂ ನನಗೆ ಅಳು ಉಕ್ಕಿ ಬಂತು. ಎದ್ದು ಕೂತೆ. ಕೂಸನ್ನು ತೆಗೆದುಕೊಂಡೆ. ಅವರ ಎದುರೇ, ಸೆರಗು ಮುಚ್ಚಿಕೊಳ್ಳದೆ, ಹಟಕ್ಕೆ ಬಿದ್ದವಳಂತೆ ಕುಡಿಸಿದೆ. ಹೊರಗೆ ಮೋಡ ಮುಚ್ಚಿತ್ತು. ಅಂದು ಕೂಸು ಹೊಟ್ಟೆತುಂಬ ಕುಡಿಯಿತು, ಒಂದು ಕೈಯಿಂದ ನನ್ನ ತಾಳಿಸರ ಹಿಡಿದು, ಕಣ್ಣು ಅರೆಮುಚ್ಚಿ, ಬಹಳ ಸಮಾಧಾನದಿಂದ. ಆಮೇಲೆ ಬಿಟ್ಟಿತು. ನಾನು ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ. ಕಣ್ಣಿನಿಂದ ನೀರು ತಾನಾಗಿ ಇಳಿಯಿತು.

ಕಣ್ಣು ತೆರೆದಾಗ ಅತ್ತೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದರು. ನಾನೂ ಬಗ್ಗಿ ನೋಡಿದೆ. ತೊಟ್ಟಿನ ಬಣ್ಣ ಪೂರ್ತಿ ಹೋಗಿ ಮೇಣದಂತೆ ಬೆಳ್ಳಗಾಗಿತ್ತು. ನೋಡುತ್ತ ನೋಡುತ್ತ ಅಂಚಿನಲ್ಲಿ ನೀಲಿ ಏರಿತು. ಅಷ್ಟು ದಿನ ನೋವಿಗೆ ಕಣ್ಣು ಮುಚ್ಚುತ್ತಿದ್ದ ನಾನು ಅದನ್ನು ನೋಡಿದ್ದು ಅವತ್ತೇ ಮೊದಲು.

ಅತ್ತೆ ತಮ್ಮ ಎರಡೂ ಅಂಗೈ ತಿಕ್ಕಿ, ಕೆಂಡದ ಮೇಲೆ ಹಿಡಿದು, ಒಂದು ಅಂಗೈಯನ್ನು ನನ್ನ ಎದೆಯ ಮೇಲೆ ಒತ್ತಿ ಇಟ್ಟರು. ಗದ್ದೆ ಕೆಲಸದಿಂದ ಒರಟಾದ, ಬಿರುಕುಬಿಟ್ಟ ಅಂಗೈ. ಅದರ ಬಿಸಿ ಒಳಗೆ ಇಳಿಯುತ್ತ ಹೋದಂತೆ ಉರಿ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯಿತು.

"ಎಷ್ಟು ದಿನ ಆತು ಹಿಂಗ?" ಎಂದು ಕೇಳಿದರು.

"ಥಂಡಿ ಶುರುವಾದಾಗಿಂದ್ರಿ."

ಅವರು ಕೈ ತೆಗೆಯಲಿಲ್ಲ. ಬಾಗಿಲಾಚೆ ಗುಡ್ಡದ ಕಡೆ ನೋಡುತ್ತ ಹೇಳಿದರು. ಅವರು ಅಷ್ಟೊಂದು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನನಗೂ ಹಿಂಗ ಆಗಿತ್ತು. ನಿನ್ನ ಗಂಡ ಆಗ ತೋಳಿನ ಕೂಸು. ಎರಡನೇ ಬೆಳಿ ಹಚ್ಚೋ ಹೊತ್ತು, ಸಂಕ್ರಾಂತಿ ಥಂಡಿ. ಮುಂಜಾನಿ ಗದ್ದಿಗಿ ಇಳದ್ರ ಮೊಣಕಾಲತನಾ ಕಾಲುವಿ ನೀರು. ಬದುವಿನ ಮ್ಯಾಲ ಜೋಳಿಗಿ ಕಟ್ಟಿ ಇವನ್ನ ಮಲಗಸ್ತಿದ್ದೆ. ಅಳಾಕ ಹತ್ತಿದ್ರ ಒದ್ದಿ ಸೀರ್ಯಾಗ ಎದ್ದು ಬಂದು ಕುಡಸ್ತಿದ್ದೆ. ಬಾಯಿ ಬಿಟ್ಟ ಕೂಡ್ಲೆ ಹಿಂಗ ಬೆಳ್ಳಗ. ಎದ್ಯಾಗ ಕೆಂಡ ಹಾಕಿದಂಗ. ಅಲ್ಲೇ ಬದುವಿನ ಮ್ಯಾಲ ಹೊಳ್ಳಾಡಿ ಅಳತಿದ್ದೆ."

"ಯಾರಿಗೂ ಹೇಳಲಿಲ್ಲೇನ್ರಿ?"

"ಏನಂತ ಹೇಳ್ಲಿ? ಹೇಳಾಕ ಹೆಸರರ ಏನೈತಿ ಅದಕ್ಕ? ಕಡೀಕ ಬಿಡಿಸಿಬಿಟ್ಟೆ. ಆಡಿನ ಹಾಲು ಹಾಕಿ ಬೆಳಿಸಿದೆ. ಮಂದಿ ಎಲ್ಲಾ 'ಹಾಲಿಲ್ಲದ ತಾಯಿ' ಅಂದ್ರು." ಅವರು ಇನ್ನೊಂದು ಕೈಯಿಂದ ಕೂಸಿನ ಕುಂಚಿಗೆ ಸರಿಮಾಡಿದರು. ಆಮೇಲೆ ಹೇಳಿದರು. "ಹಾಲು ಇತ್ತವಾ. ಸೆರಗು ತೋಯಿಸಿ ಹರದು ಹೋಗ್ತಿತ್ತು."

ಕೂಸು ನನ್ನ ತೊಡೆಯ ಮೇಲೆ ನಿದ್ದೆಯಲ್ಲಿ ನಕ್ಕಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನಾಳಿಗಿ ಕೊಪ್ಪಳಕ್ಕ ಹೋಗೋಣು," ಅತ್ತೆ ಎದ್ದು ನಿಂತರು. "ಡಾಕ್ಟರಿಗಿ ತೋರಿಸೋಣು."

"ಬಾಣಂತಿ ಈ ಥಂಡ್ಯಾಗ ಹೊಸ್ತಿಲಾ ದಾಟೋದಾ ಅಕ್ಕಾರ?" ಅವ್ವ ತಡೆದಳು.

"ಬಿಸಿಲೇರಿದ ಮ್ಯಾಲ ಹೋಗಿ ಇಳಿಯೂದ್ರಾಗ ಬರ್ತೀವಿ ಬೀಗತಿ. ನಾ ಇರ್ತೀನಲ್ಲ."

ಮಾರನೆಯ ದಿನ ಹೊರಟೆವು. ಎಷ್ಟೋ ವರ್ಷ ಬಸ್ಸಿನಲ್ಲಿ ನಿಂತೇ ಹೋದವಳು ನಾನು. ಅಂದು ಸೀಟಿನಲ್ಲಿ, ಕಿಟಕಿ ಹಾಕಿಕೊಂಡು, ಕೌದಿ ಹೊದ್ದು ಕೂತಿದ್ದೆ. ಮಗಳು ಅತ್ತೆಯ ಮಡಿಲಲ್ಲಿದ್ದಳು. ಕಟಾವಾದ ಹೊಲಗಳು, ಕಡಲೆ ಹಸಿರು, ಒಂದರ ಮೇಲೊಂದು ಕೂತ ಬಂಡೆಗಳು, ಎಲ್ಲವೂ ಗಾಜಿನಾಚೆ ನಿಧಾನವಾಗಿ ಹಿಂದೆ ಹೋಗುತ್ತಿದ್ದವು. ಬಸ್ಸಿನ ದಾರಿಯೆಂದರೆ ನನಗೆ ಟಿಕೆಟ್ಟು, ಚಿಲ್ಲರೆ, ನಿಲ್ದಾಣಗಳ ಲೆಕ್ಕವಷ್ಟೇ ಆಗಿತ್ತು. ಇಷ್ಟು ಚೆಂದವಿದೆಯೆಂದು ಗೊತ್ತೇ ಇರಲಿಲ್ಲ.

ಕೊಪ್ಪಳದ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡರು. ಎದೆ ಪರೀಕ್ಷೆ ಮಾಡಿದರು. ಕೂಸಿನ ಬಾಯಿ ನೋಡಿದರು. ತಮ್ಮೆದುರೇ ಹಾಲು ಕುಡಿಸಲು ಹೇಳಿ, ಕೂಸು ಬಾಯಿ ಹಾಕುವ ರೀತಿ ನೋಡಿ, ಅದರ ಗದ್ದವನ್ನು ನನ್ನ ಎದೆಗೆ ಸ್ವಲ್ಪ ಒತ್ತಿ ಹಿಡಿಯುವುದನ್ನು ತೋರಿಸಿದರು. ಆಮೇಲೆ ನಾನು ಎಣಿಸಿರದ ಪ್ರಶ್ನೆ ಕೇಳಿದರು.

"ಥಂಡಿ ಆದಾಗ ನಿಮ್ಮ ಕೈಬೆರಳು ಬೆಳ್ಳಗ ಆಗ್ತಾವೇನು?"

ನಾನು ಬೆಚ್ಚಿದೆ. "ಹೌದ್ರಿ ಮೇಡಂ. ಸಣ್ಣಾಕಿದ್ದಾಗಿಂದ."

"ಬೆಳ್ಳಗ, ಆಮ್ಯಾಲ ನೀಲಿ, ಆಮ್ಯಾಲ ಕೆಂಪು?"

"ಹೌದ್ರಿ."

"ಹಂಗಾರ ಇದೂ ಅದರ ತಂಗಿ," ಎಂದು ನಕ್ಕರು. "ನಿಮ್ಮ ಮೈಯಾಗಿನ ಸಣ್ಣ ರಕ್ತನಾಳಗಳು ಥಂಡಿಗೆ ಭಾಳ ಅಂಜತಾವ. ಅಂಜಿ ಮುದುಡಿಕೊಂಡ ಕೂಡ್ಲೆ ರಕ್ತ ಮುಂದ ಹೋಗೂದಿಲ್ಲ. ಕೂಸಿನ ಬಾಯಿ ಬೆಚ್ಚಗಿರ್ತದ. ಅದು ಬಿಟ್ಟ ಕೂಡ್ಲೆ ಒದ್ದಿ ತೊಟ್ಟಿಗೆ ಥಂಡಿ ಗಾಳಿ ಬಡೀತದ, ಅಲ್ಲೂ ಹಂಗ ಆಗ್ತದ. ನಿಮ್ಮ ಹಾಲಿಗೇನೂ ಆಗಿಲ್ಲ. ಕೂಸಿಗೂ ಏನೂ ಆಗೂದಿಲ್ಲ. ನೀವು ಸುಳ್ಳ ಅಳಾಕತ್ತಿಲ್ಲ."

ಆ ಕೊನೆಯ ಮಾತನ್ನು ಅವರು ಯಾಕೆ ಹೇಳಿದರೋ. ನನ್ನ ಬೆನ್ನಿನ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು.

ಏನು ಮಾಡಬೇಕೆಂದು ಅವರು ಬಿಡಿಸಿ ಹೇಳಿದರು. ಕುಡಿಸುವ ಮೊದಲೇ ಮೈಯೆಲ್ಲ ಬೆಚ್ಚಗಿರಬೇಕು. ಕೂಸು ಬಾಯಿ ಬಿಟ್ಟ ಕೂಡಲೇ ಗಾಳಿ ತಾಗಗೊಡದೆ ಒಣಗಿದ ಬೆಚ್ಚನೆಯ ಬಟ್ಟೆ ಒತ್ತಿಕೊಳ್ಳಬೇಕು. ಸುಡುವಂಥದ್ದು ಬೇಡ, ಬೆಚ್ಚಗಿದ್ದರೆ ಸಾಕು. ಚಹಾ ಕಡಿಮೆ ಮಾಡಬೇಕು. ಖೋಲಿಯಲ್ಲಿ ಕೆಂಡದ ಹೊಗೆ ಕೂಸಿಗೂ ನನಗೂ ಒಳ್ಳೆಯದಲ್ಲ, ಬಿಸಿಲಿಗೆ ಕೂಡಬೇಕು. ಇಷ್ಟಕ್ಕೂ ತಗ್ಗದಿದ್ದರೆ ಮತ್ತೆ ಬರಬೇಕು, ಗುಳಿಗೆ ಇದೆ.

ಏಳುವಾಗ ಅತ್ತೆ ಮಾತ್ರ ಏಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಡಾಕ್ಟರ ಮೇಜನ್ನು ನೋಡುತ್ತ ಕೇಳಿದರು.

"ಮೊದಲಿನ ಕಾಲದಾಗೂ ಇದು ಇತ್ತೇನ್ರಿಯವ್ವಾ?"

"ಇರದ ಏನು ಅಮ್ಮಾ, ಇತ್ತು."

"ಗದ್ಯಾಗ ನಿಂತು ಕೆಲಸ ಮಾಡೋರಿಗೆ?"

ಡಾಕ್ಟರು ಪೆನ್ನು ಕೆಳಗಿಟ್ಟು ಅವರ ಕಡೆ ತಿರುಗಿದರು. "ನಿಮಗೂ ಆಗಿತ್ತೇನಮ್ಮಾ?" ಎಂದು ಮೆತ್ತಗೆ ಕೇಳಿದರು. ಅತ್ತೆ ತಲೆಯಾಡಿಸಿದರು. "ಆಗ ನಿಮ್ಮನ್ನ ಯಾರೂ ಕೇಳಿರಲಿಕ್ಕಿಲ್ಲ," ಎಂದರು ಡಾಕ್ಟರು. ಅತ್ತೆ ಎರಡೂ ಕೈ ಮುಗಿದು ಎದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಇರಕಲ್ಲಗಡ ಬರುವವರೆಗೂ ಅವರು ಮೊಮ್ಮಗಳ ಪಾದವನ್ನು ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು.

ಅತ್ತೆ ಶ್ರೀರಾಮನಗರಕ್ಕೆ ಹೋಗಲಿಲ್ಲ. ಬೀಗರ ಮನೆಯಲ್ಲಿ ಅಷ್ಟು ದಿನ ಉಳಿಯುವುದು ನಮ್ಮ ಕಡೆ ವಾಡಿಕೆಯಲ್ಲ. ಓಣಿಯವರು ಕೇಳಿದರು. ಅವ್ವನೇ ಹೇಳಿದಳು. "ಇರ್ಲಿ ಬಿಡ್ರಿ. ನನಗೂ ಮಾತಾಡಾಕ ಒಬ್ರಾದ್ರು." ಅತ್ತೆ ಮಾತಾಡುವವರಲ್ಲ ಎನ್ನುವುದು ಅವ್ವನಿಗೂ ಗೊತ್ತಿತ್ತು. ಒಲೆಯ ಮುಂದೆ ಇಬ್ಬರೂ ಕೂತರೆ ಅವ್ವ ಹೇಳುತ್ತ ಹೋಗುತ್ತಿದ್ದಳು, ಅತ್ತೆ ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದರು. ಕುಳ್ಳಿನ ಕೆಂಡ ಖೋಲಿಯಿಂದ ಹೊರಗೆ ಹೋಗಬೇಕೆಂದಾಗ ಮಾತ್ರ ಅವ್ವ ಎರಡು ದಿನ ಮುನಿಸಿಕೊಂಡಳು. ತನ್ನ ಅವ್ವ ತನಗೆ ಮಾಡಿದ್ದನ್ನು ಅವಳು ನನಗೆ ಮಾಡುತ್ತಿದ್ದಳು. ಕೊನೆಗೆ ಕೆಂಡವನ್ನು ಪಡಸಾಲೆಯಲ್ಲಿಟ್ಟು, ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಬಟ್ಟೆ ಕಾಯಿಸುವ ಉಪಾಯ ಅವಳೇ ಕಂಡುಹಿಡಿದಳು.

ಪಕ್ಕದ ಮನೆಯಲ್ಲಿ ಕೌದಿ ಹೊಲಿಯುವ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ಇದ್ದಳು. ನಾನು ಹುಟ್ಟಿದಾಗ ನನ್ನ ಕುಂಚಿಗೆ ಹೊಲಿದವಳೂ ಅವಳೇ. ಅವ್ವ ವಿಷಯ ಹೇಳಿದಾಗ ಖಾಲಾ ಬಾಯಿ ತುಂಬ ಪ್ರಶ್ನೆ ಕೇಳಿ, ಅಳತೆ ತೆಗೆದುಕೊಂಡು ಹೋದಳು. ಹಳೆಯ ಮೆತ್ತನೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಕುತ್ತಿಗೆಯಿಂದ ಹೊಟ್ಟೆಯವರೆಗೆ ಬರುವ ಒಂದು ಕವಚವನ್ನೇ ಹೊಲಿದು ತಂದಳು. ಎರಡೂ ಬದಿಗೆ ಬೇರೆಬೇರೆ ಮುಚ್ಚಳ, ಲಾಡಿ. ಒಂದು ಕಡೆ ಕುಡಿಸುವಾಗ ಇನ್ನೊಂದು ಕಡೆ ಬೆಚ್ಚಗೆ ಮುಚ್ಚಿರಬೇಕು.

"ಹಾಕ್ಕೊಂಡು ನೋಡು ಬೇಟಿ. ಸಿಪಾಯಿ ಕಂಡಂಗ ಕಾಣ್ತೀದಿ," ಎಂದು ನಕ್ಕಳು.

ಅದನ್ನು ತೊಟ್ಟು ಗಂಡನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸದೆ, ತೌಡಿನ ಧೂಳು ಮೆತ್ತಿದ ಮುಖವನ್ನು ಫೋನಿಗೆ ಹತ್ತಿರ ತಂದು, ನನ್ನನ್ನು ನೋಡಿ ನಕ್ಕೂ ನಕ್ಕರು. ಆ ವಾರ ಬರುವಾಗ ಕುಷ್ಟಗಿ ಸಂತೆಯಿಂದ ಒಂದು ಉಣ್ಣೆಯ ಕಂಬಳಿ ತಂದರು. ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು.

"ನಮ್ಮವ್ವ ಹೇಳಿದ್ಲು," ಎಂದರು. ಏನು ಹೇಳಿದರು, ಎಷ್ಟು ಹೇಳಿದರು, ನಾನು ಕೇಳಲಿಲ್ಲ. ಅಂದು ಊಟಕ್ಕೆ ಕೂತಾಗ ಅವರು ತಮ್ಮ ತಾಯಿಯ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಂಡರು.

ನೋವು ಒಮ್ಮೆಲೇ ಹೋಗಲಿಲ್ಲ. ಬಟ್ಟೆ, ಬಿಸಿಲು, ಕಂಬಳಿಯಿಂದ ಅರ್ಧ ತಗ್ಗಿತು. ಮೂಡಣ ಗಾಳಿ ಜೋರಾದಾಗ ಮತ್ತೆ ಕೊಪ್ಪಳಕ್ಕೆ ಹೋಗಬೇಕಾಯಿತು. ಡಾಕ್ಟರು ಬಿ.ಪಿ. ಇದ್ದವರಿಗೆ ಕೊಡುವಂಥ ಗುಳಿಗೆ ಬರೆದುಕೊಟ್ಟು, ಇದು ಕೂಸಿಗೆ ತೊಂದರೆ ಮಾಡುವುದಿಲ್ಲವೆಂದು ಧೈರ್ಯ ಹೇಳಿದರು. ಮೊದಮೊದಲು ತಲೆ ಸಿಡಿಯಿತು, ಮುಖ ಕೆಂಪೇರಿ ಬಿಸಿಯಾಗುತ್ತಿತ್ತು. ಆಮೇಲೆ ಅದು ಹಿಡಿತಕ್ಕೆ ಬಂತು. ಅತ್ತೆ ಕೂಸು ಕುಡಿಯುವಷ್ಟು ಹೊತ್ತೂ ಬುಟ್ಟಿಯ ಮೇಲೆ ಕಾದ ಬಟ್ಟೆಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕಾಯುತ್ತಿದ್ದರು. ಕೂಸಿನ ತುಟಿ ಸಡಿಲಾಗುವ ಗಳಿಗೆ ಅವರಿಗೆ ನನಗಿಂತ ಮೊದಲು ತಿಳಿಯುತ್ತಿತ್ತು.

ಆ ಚಳಿಗಾಲದಲ್ಲಿ ನನಗೆ ಕನಸಿನಂತೆ ಉಳಿದಿರುವುದು ಎಳ್ಳ ಅಮಾವಾಸ್ಯೆಯ ಹಗಲು. ಊರಿಗೆ ಊರೇ ಭೂಮಿತಾಯಿಗೆ ಎಡೆ ಹಿಡಿದು ಚರಗ ಚೆಲ್ಲಲು ಹೊಲಗಳಿಗೆ ಹೋಗಿತ್ತು. ಅವ್ವನೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮಾದಲಿಯ ಬುಟ್ಟಿ ಹೊತ್ತು ಹೋಗಿದ್ದಳು. ಬಾಣಂತಿಯೆಂದು ನಾನು, ನನ್ನ ಜೊತೆಗೆಂದು ಅತ್ತೆ ಉಳಿದಿದ್ದೆವು. ಓಣಿಯಲ್ಲಿ ಒಂದು ಬಾಗಿಲ ಸದ್ದೂ ಇಲ್ಲ, ಒಂದು ನಾಯಿಯ ದನಿಯೂ ಇಲ್ಲ. ಅತ್ತೆ ಹಿತ್ತಿಲ ಗೋಡೆಗೆ, ಗಾಳಿ ಬಾರದ ಮೂಲೆಯಲ್ಲಿ, ಹೊರಸು ಹಾಕಿದರು. ಹಿಂದೆ ಗುಡ್ಡ, ಮುಂದೆ ಬಿಸಿಲು. ಕಲ್ಲಿನ ಗೋಡೆ ಬೆನ್ನಿಗೆ ಬೆಚ್ಚಗೆ ಒತ್ತುತ್ತಿತ್ತು. ಖಾಲಾನ ಕವಚದ ಮೇಲೆ ಕಂಬಳಿ, ಕಂಬಳಿಯ ಒಳಗೆ ಮಗಳು.

ಅವಳು ಕುಡಿಯುತ್ತಿದ್ದಳು. ನುಂಗುವ ಸಣ್ಣ ಸದ್ದು, ಮಧ್ಯೆ ಒಂದು ನಿಟ್ಟುಸಿರು, ಮತ್ತೆ ನುಂಗುವ ಸದ್ದು. ಅಷ್ಟು ದೊಡ್ಡ ಊರಿನಲ್ಲಿ ಅದೊಂದೇ ಸದ್ದು. ದೂರದ ಹೊಲದಿಂದ ಜನ ಕೂಗುವುದು ಗಾಳಿಯಲ್ಲಿ ಒಮ್ಮೆ ತೇಲಿ ಬಂದು ಹೋಯಿತು. ಬಿಸಿಲು ಕಣ್ಣರೆಪ್ಪೆಯ ಒಳಗೆಲ್ಲ ಕಿತ್ತಳೆ ಬಣ್ಣ ತುಂಬಿತ್ತು. ನನಗೆ ನಿದ್ದೆ ಬಂತೋ ಏನೋ, ನಾನು ಗದ್ದೆಯ ಬದುವಿನ ಮೇಲಿದ್ದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಹರಿಯುವ ನೀರಿನಿಂದ ಹಂಡೆಯಿಂದ ಏಳುವಂತೆ ಹಬೆ ಏಳುತ್ತಿತ್ತು. ನೀರಿನೊಳಗೆ ಒಬ್ಬ ಹುಡುಗಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದಳು. ಮುಖ ಎತ್ತಿದಾಗ ನೋಡಿದರೆ ನನ್ನ ಅತ್ತೆ, ನನಗಿಂತ ಚಿಕ್ಕವರು, ಉದ್ದ ಜಡೆ. "ನೀರು ಬೆಚ್ಚಗೈತಿ, ಇಳಿ," ಎಂದರು.

ಕಣ್ಣು ಬಿಟ್ಟಾಗ ಮಗಳು ಬಾಯಿ ಬಿಟ್ಟು ಮಲಗಿದ್ದಳು. ಬೆಚ್ಚನೆಯ ಬಟ್ಟೆ ಆಗಲೇ ನನ್ನ ಎದೆಯ ಮೇಲಿತ್ತು. ಉರಿಗಾಗಿ ಕಾದೆ. ಬರಲಿಲ್ಲ. ಇನ್ನೂ ಸ್ವಲ್ಪ ಕಾದೆ. ಅತ್ತೆ ಪಕ್ಕದಲ್ಲಿ ಕೂತು, ಗೋಡೆಗೆ ತಲೆಯಾನಿಸಿ, ತಮಗಷ್ಟೇ ಕೇಳುವಂತೆ ಏನೋ ಗುನುಗುತ್ತಿದ್ದರು. ಅವರು ಹಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ನೋಯಾಕತ್ತೇತೇನು?" ಎಂದರು.

"ಇಲ್ರಿ ಅತ್ತಿ."

"ಹಂಗಾರ ಮಲಕ್ಕೋ."

ಶಿವರಾತ್ರಿಗೆ ಚಳಿ ಕಳೆಯಿತು. ಗುಳಿಗೆ ಆ ಮೊದಲೇ ನಿಂತಿತ್ತು. ಯುಗಾದಿ ಹೊತ್ತಿಗೆ ಶ್ರೀರಾಮನಗರಕ್ಕೆ ಹೋದೆ, ಬೇಸಗೆಯ ನಡುವೆ ಡ್ಯೂಟಿ ಶುರುವಾಯಿತು. ಡಿಪೋದಲ್ಲಿ ಕೇಳಿಕೊಂಡು ಮೊದಲ ಗಾಡಿ ಬಿಟ್ಟು, ಬಿಸಿಲೇರಿದ ಮೇಲಿನ ಯಲಬುರ್ಗಾ ಗಾಡಿ ಹಾಕಿಸಿಕೊಂಡೆ. ಅದು ಮಧ್ಯಾಹ್ನ ಗಂಗಾವತಿಗೆ ವಾಪಸ್ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅತ್ತೆ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದರು. ಹೆಂಗಸರು ಕೂಡುವ ಕಡೆ, ಮೂಲೆಯ ಬೆಂಚಿನಲ್ಲಿ ಖಾಕಿ ಅಂಗಿಯ ಗುಂಡಿ ತೆಗೆದು ಕುಡಿಸುತ್ತಿದ್ದೆ. ಅತ್ತೆ ಅಡ್ಡ ನಿಂತು ಸೆರಗು ಹಿಡಿಯುತ್ತಿದ್ದರು. ಯಾರಾದರೂ ಇಣುಕಿದರೆ, "ಏನ್ ನೋಡ್ತೀರಿ? ಕೂಸು ಊಟ ಮಾಡಾಕತ್ತೇತಿ," ಎನ್ನುತ್ತಿದ್ದರು, ಇಡೀ ಸ್ಟ್ಯಾಂಡಿಗೆ ಕೇಳುವಂತೆ. ಅಷ್ಟು ವರ್ಷ ಮಾತೇ ಆಡದಿದ್ದವರಿಗೆ ಆ ಧ್ವನಿ ಎಲ್ಲಿಂದ ಬಂತೋ.

ಮರುವರ್ಷದ ಚಳಿಗಾಲ ಅಷ್ಟು ಕಷ್ಟ ಕೊಡಲಿಲ್ಲ. ಆಗ ಮಗಳು ಮುಂಜಾನೆ ಒಂದು ಹೊತ್ತು ಮಾತ್ರ ಕುಡಿಯುತ್ತಿದ್ದಳು, ಉರಿ ಬಂದರೂ ನೆಂಟರಂತೆ ಬಂದು ಹೋಗುತ್ತಿತ್ತು. ಸಂಕ್ರಾಂತಿ ಸಮೀಪದ ಒಂದು ದಿನ ನಾನು ಕಂಬಳಿ ಹೊದ್ದು, ಬಟ್ಟೆ ಕಾಯಿಸಿಕೊಂಡು, ಬಾ ಎಂದು ಕರೆದೆ. ಅವಳು ನನ್ನ ಮುಖ ನೋಡಿದಳು, ಒಲೆಯ ಮುಂದಿದ್ದ ಅಜ್ಜಿಯ ಮುಖ ನೋಡಿದಳು.

"ಲೊಟ್ಟಿ," ಎಂದಳು. ತಪ್ಪುಹೆಜ್ಜೆ ಹಾಕುತ್ತ ಅಜ್ಜಿಯ ಹತ್ತಿರ ಹೋಗಿ ಕೂತುಬಿಟ್ಟಳು.

ಅತ್ತೆ ಬಿಸಿ ರೊಟ್ಟಿ ಮುರಿದು, ಬೆಣ್ಣೆ ಹಚ್ಚಿ, ಊದಿ ಆರಿಸಿ ಅವಳ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ನೋಡಿದರು. ನಗುತ್ತಿದ್ದರು, ಕಣ್ಣು ಒದ್ದೆಯಾಗಿದ್ದವು. ನಾನು ಕಂಬಳಿ ಮಡಚಿಟ್ಟು ಒಲೆಯ ಹತ್ತಿರ ಹೋದೆ. ಹೊರಗೆ ಗದ್ದೆಗಳಿಗೆ ಆಗಷ್ಟೇ ನೀರು ಬಿಟ್ಟಿದ್ದರು. ಮಗಳು ರೊಟ್ಟಿ ಜಗಿಯುತ್ತ, ಬೆಣ್ಣೆ ಮೆತ್ತಿದ ಕೈಯಲ್ಲಿ ನನಗೂ ಒಂದು ಚೂರು ಚಾಚಿದಳು.